ಅತ್ತ ಮುಖ ಮಾಡ್ರಿ

ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್ ತಂದ. ನಮ್ಮ ಗಿರಣಿಯ ಮುಂದೆ ಬಸ್ಸು ನಿಧಾನ ಮಾಡಿಸಿ, ಕೆಳಗಿಳಿಯುವ ಗೋಜಿಗೂ ಹೋಗದೆ ಬಾಗಿಲಲ್ಲಿ ನಿಂತೇ ಕೂಗಿದ: "ಯಕ್ಕಾ, ನಿಮ್ಮ ಎಂಜಿನ್ ಮಿಸ್ತ್ರಿ ಹೋದ್ರಂತ್ರಿ. ನಿನ್ನಿ ಮಣ್ಣಾತು." ಬಸ್ಸು ಧೂಳೆಬ್ಬಿಸಿ ಹೋಯಿತು. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಬದುಕಿದ್ದಾಗಲೂ ಆ ಮನುಷ್ಯ ಹೀಗೇ. ಕರೆದಾಗ ಬಂದವರಲ್ಲ, ಬಂದಾಗ ಬಾಯಿಬಿಟ್ಟು ಏನನ್ನೂ ಹೇಳಿದವರಲ್ಲ. ಈಗ ಹೋಗುವಾಗಲೂ ಹೇಳದೆ ಹೋಗಿದ್ದರು.

ಹೆಸರು ಬರೆಯುವುದಿಲ್ಲ. ಬರೆದರೆ "ಯಾರನ್ನ ಕೇಳಿ ಬರದಿ?" ಎಂದು ಗೋರಿಯಿಂದ ಎದ್ದು ಬಂದು ಜಗಳ ತೆಗೆಯುವ ಪೈಕಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ಡೀಸೆಲ್ ಎಂಜಿನ್ ಇಟ್ಟವರಿಗೆಲ್ಲ ಆಗ ಅವರು ಬರೀ 'ಮಿಸ್ತ್ರಿ'. ನಾನು ಕಾಕಾ ಎನ್ನುತ್ತಿದ್ದೆ. ಅವ್ವ ಅಣ್ಣಾ ಎನ್ನುತ್ತಿದ್ದಳು. ಅವರು ಅವ್ವನನ್ನು 'ಅಕ್ಕಾರ' ಎಂದು ಕರೆದು, ಎದುರು ಬಂದರೆ ಎದ್ದು ನಿಲ್ಲುತ್ತಿದ್ದರು. ಮಿಕ್ಕ ಮನುಷ್ಯಜಾತಿಯ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ.

ಗೌರವವೆಲ್ಲ ಎಂಜಿನ್ನಿಗೆ. ಬಂದವರೇ ತಲೆಯ ಟೋಪಿ ಸರಿಮಾಡಿಕೊಂಡು ಅದರ ಮುಂದೆ ನಿಂತು, "ಯಜಮಾನ್ರ, ಏನಾತ್ರಿ? ಯಾಕ ಮುನಿಸಗೊಂಡೀರಿ?" ಎಂದು ಕೇಳುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, "ಯಾವ ಹುಚ್ಚ ಕೈ ಹಚ್ಚ್ಯಾನ ಇದಕ್ಕ?" ಎನ್ನುತ್ತಿದ್ದರು. ಯಾರೂ ಕೈ ಹಚ್ಚಿಲ್ಲ ಎಂದರೆ ನಂಬುತ್ತಿರಲಿಲ್ಲ. ಹಚ್ಚಿದ್ದೇವೆ ಎಂದರೆ ಮುಗಿಯಿತು, ಅಂದಿನ ಚಹಾ ಮುಗಿಯುವವರೆಗೆ ಅದೇ ಪುರಾಣ. ಚಹಾ ಆಗದೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. ಆ ಚಹಾ ಬಿಸಿ ಹೆಚ್ಚಾದರೆ ಊದಿ ಊದಿ ಕುಡಿಯುತ್ತಿದ್ದರು, ಆರಿದ್ದರೆ ಮತ್ತೆ ಕಾಯಿಸಲು ಕಳಿಸುತ್ತಿದ್ದರು. ಅಷ್ಟರಲ್ಲಿ ಜೋಳದ ಬುಟ್ಟಿ ಹೊತ್ತು ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ನನ್ನನ್ನು ನುಂಗುವಂತೆ ನೋಡುತ್ತಿದ್ದರು. ಸಂಜೆ ರೊಟ್ಟಿ ಬಡಿಯಬೇಕಾದವರು ಅವರು. ಮಿಸ್ತ್ರಿ ಮೀಸೆಯ ಮೇಲಿನ ಚಹಾ ಒರೆಸಿಕೊಳ್ಳುತ್ತಿದ್ದರು.

ಅವರ ಮಾನದ ಕಥೆಗಳು ನಾಲ್ಕೂ ತಾಲೂಕಿನಲ್ಲಿ ಓಡಾಡುತ್ತಿದ್ದವು. ತಂಗಡಗಿಯ ಗೌಡರೊಬ್ಬರು ಕೃಷ್ಣೆಯಿಂದ ನೀರೆತ್ತುವ ಎಂಜಿನ್ ಕೆಟ್ಟಾಗ ಇವರನ್ನು ಕರೆಸಿ, ನೆಂಟರ ಮುಂದೆ "ಲಗೂ ಮಾಡೋ ಮಿಸ್ತ್ರಿ" ಎಂದರಂತೆ. ಇವರು ಡೀಸೆಲ್ ಚಿಮ್ಮಿಸುವ ನಾಝಲ್ಲನ್ನು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡು ನೇರ ಬಸ್ಸು ಹತ್ತಿದರು. ಕಬ್ಬು ಒಣಗತೊಡಗಿದ ಮೇಲೆ ಗೌಡರ ತಾಯಿ ಮುದ್ದೇಬಿಹಾಳದ ಮನೆಗೇ ಬಂದು, "ಯಪ್ಪಾ, ಅವಗ ಸಣ್ಣಂದಿರತ ಬಾಯಿ ಮುಂದ" ಎಂದು ಸಮಾಧಾನ ಹೇಳಿದಾಗಲೇ ಆ ನಾಝಲ್ ಜೇಬಿನಿಂದ ಹೊರಬಂದದ್ದು. ಇಂಡಿಯ ಕಡೆ ನಿಂಬೆ ತೋಟದವರು ಸಂತೋಷದಿಂದ ಹೊಸ ಧೋತರ ಹೊದಿಸಿದರೆ ಬೆರಳಲ್ಲಿ ಉಜ್ಜಿ ನೋಡಿ, "ಇದು ನೂಲು ಬಿಡತೈತಿ. ನೀವ ಹತ್ತ ವರ್ಷ ಉಟ್ಟು ಹರದ ಮ್ಯಾಲ ಕೊಡ್ರಿ, ಡೀಸೆಲ್ ಸೋಸಾಕ ಬರತೈತಿ" ಎಂದು ಅಲ್ಲೇ ತಿರುಗಿ ಕೊಟ್ಟರಂತೆ. ಇಂಥವರನ್ನು ಊರವರು ಯಾಕೆ ಸಹಿಸುತ್ತಿದ್ದರು ಎಂದರೆ, ಅವರು ಮುಟ್ಟಿದ ಎಂಜಿನ್ ಓಡುತ್ತಿತ್ತು. ಬೇರೆ ಮಿಸ್ತ್ರಿಯೂ ಇರಲಿಲ್ಲ.

ನಮ್ಮದು ಗಾಣದ ಮನೆತನ. ಮನಗೂಳಿಗೂ ಬಾಗೇವಾಡಿಗೂ ನಡುವಿನ ನಮ್ಮೂರಲ್ಲಿ ಎತ್ತು ಕಟ್ಟಿ ಕುಸುಬಿ ಎಣ್ಣೆ ತೆಗೆಯುವುದು ತಲೆಮಾರುಗಳ ಕಸುಬು. ಅಮಾವಾಸ್ಯೆಯ ದಿನ ಗಾಣಕ್ಕೆ ಬಿಡುವು. ಅವತ್ತು ಅವ್ವ ಗಾಣ ತೊಳೆದು, ವಿಭೂತಿ ಹಚ್ಚಿ, ಒಂದು ವಾಟಿ ಎಣ್ಣೆಯನ್ನು ಅದರ ಬಾಯಿಗೆ ಎರೆಯುತ್ತಿದ್ದಳು. ತಿಂಗಳೆಲ್ಲ ನಮಗೆ ಉಣಿಸಿದ್ದಕ್ಕೆ ಒಂದು ದಿನ ನಾವು ಉಣಿಸಬೇಕು ಎಂಬುದು ಅವಳ ನ್ಯಾಯ. ಐವತ್ತರ ದಶಕದಲ್ಲಿ ಅಪ್ಪ ಆ ಗಾಣ ಕಿತ್ತು, ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ಹಾಕಿದ. ಎಂಜಿನ್ನು ಆಗಲೇ ಮುದುಕ. ಯಾವುದೋ ಹತ್ತಿಯ ಕಾರ್ಖಾನೆಯಲ್ಲಿ ದುಡಿದು ಹಣ್ಣಾಗಿದ್ದ, ಎರಡು ದೊಡ್ಡ ಚಕ್ರಗಳ ಮಷೀನು. ಹುಡುಕಿ ತಂದು ಕೂಡಿಸಿ ಕೊಟ್ಟವರು ಮಿಸ್ತ್ರಿ. ಅಪ್ಪ ಹೆಚ್ಚು ದಿನ ಅದರ ಸದ್ದು ಕೇಳಲಿಲ್ಲ, ಜ್ವರದಲ್ಲಿ ತೀರಿಕೊಂಡ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದ ನಾನು ಗಿರಣಿಗೆ ನಿಂತೆ. ಚಕ್ರ ತಿರುಗಿಸಲು ಒಬ್ಬ ಆಳು, ಹಿಟ್ಟು ತೂಗಲು ನಾನು. ಅಮಾವಾಸ್ಯೆಗೆ ಗಿರಣಿ ಬಂದ್. ಅವ್ವ ಒಬ್ಬಳೇ ಒಳಗೆ ಹೋಗಿ ಗಾಣಕ್ಕೆ ಮಾಡುತ್ತಿದ್ದ ಪೂಜೆಯನ್ನು ಎಂಜಿನ್ನಿಗೆ ಮಾಡಿ ಬರುತ್ತಿದ್ದಳು.

ತೊಂದರೆ ಯಾವಾಗಲೂ ಒಂದೇ ಬಗೆಯದು. ಎಂಜಿನ್ನು ಚೆನ್ನಾಗಿಯೇ ಶುರುವಾಗುತ್ತಿತ್ತು. ಬೀಸುವ ಕಲ್ಲಿಗೆ ಜೋಳ ಬಿದ್ದು ಭಾರ ಹತ್ತಿದೊಡನೆ ಸೋಲುತ್ತಿತ್ತು. ಸದ್ದು ಬಿಟ್ಟು ಬಿಟ್ಟು ಬಂದು, ಕಲ್ಲು ತಿರುಗಿಸುವ ಪಟ್ಟಾ ತಪತಪ ಬಡಿದು, ಕೊನೆಗೆ ಒಂದು ದೊಡ್ಡ ಉಸಿರು ಬಿಟ್ಟು ನಿಂತೇ ಹೋಗುತ್ತಿತ್ತು. ಟಾಕಿಯ ತುಂಬ ಡೀಸೆಲ್ ಇದೆ, ಎಂಜಿನ್ನಿಗೆ ಮುಟ್ಟುತ್ತಿಲ್ಲ. ಇಷ್ಟು ನನಗೂ ತಿಳಿಯುತ್ತಿತ್ತು. ಯಾಕೆ ಮುಟ್ಟುತ್ತಿಲ್ಲ ಎಂಬುದನ್ನು ಮಾತ್ರ ಆ ಮಹಾರಾಯರು ತಿಳಿಯಗೊಡುತ್ತಿರಲಿಲ್ಲ.

ಯಾಕೆಂದರೆ ಟಾಕಿಯಿಂದ ಡೀಸೆಲ್ ಬಿಡುವ ಚಾವಿ ಕಟ್ಟಿ, ಡೀಸೆಲ್ ಸೋಸುವ ಬಟ್ಟಲಿಗೆ ಪಾನಾ ಹಚ್ಚುವ ಹೊತ್ತಿಗೆ ಸರಿಯಾಗಿ ಅವರ ಆಜ್ಞೆ ಹೊರಡುತ್ತಿತ್ತು: "ಅತ್ತ ಮುಖ ಮಾಡ್ರಿ."

ಮೊದಲ ಸಲ ನನಗೆ ಅರ್ಥವಾಗಲಿಲ್ಲ. "ಯಾಕ್ರಿ ಕಾಕಾ?" ಎಂದೆ.

"ಯಾಕ ಗೀಕ ಇಲ್ಲ. ಗ್ವಾಡಿ ಕಡೆ ಮುಖ ಮಾಡ್ರಿ ಎಲ್ಲಾರೂ. ಇಲ್ಲಾಂದ್ರ ನಾ ಹೊಂಟೆ."

ಹೋಗುವವರೇ ಅವರು, ತಂಗಡಗಿಯ ಗೌಡರ ಕಥೆ ಗೊತ್ತಿತ್ತಲ್ಲ. ನಾನು ತಿರುಗಿದೆ, ಆಳು ತಿರುಗಿದ, ಬುಟ್ಟಿ ಹೊತ್ತ ಹೆಂಗಸರೂ ನಗುತ್ತ ತಿರುಗಿದರು. ಗಿರಣಿ ತುಂಬ ಮಂದಿ ಹಿಟ್ಟು ಮೆತ್ತಿದ ಗೋಡೆ ನೋಡುತ್ತ, ತಪ್ಪು ಮಾಡಿದ ಸಾಲೆಯ ಮಕ್ಕಳಂತೆ ನಿಂತೆವು. ಹಿಂದೆ ಸೀಮೆಎಣ್ಣೆಯ ವಾಸನೆ, ಉಜ್ಜುವ ಸದ್ದು, ಗೊಣಗಾಟ. "ಹಾಂ, ಹೊಳ್ಳಿ ನೋಡ್ರಿ" ಎನ್ನುವಷ್ಟರಲ್ಲಿ ಎಲ್ಲ ಕೂಡಿಸಿಯಾಗಿರುತ್ತಿತ್ತು. ಒಳಗಿನ ಹಳೆಯ ಸೋಸುಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಒಯ್ಯುತ್ತಿದ್ದರು. ಬಿಸ್ಮಿಲ್ಲಾ ಎಂದು ಹ್ಯಾಂಡಲ್ಲಿಗೆ ಕೈ ಹಾಕಿದರೆ ಎಂಜಿನ್ನು ಎದ್ದು ಕೂಗುತ್ತಿತ್ತು.

ಕಸುಬಿನ ಗುಟ್ಟು ಬಿಟ್ಟುಕೊಡದ ಜುಗ್ಗ ಎಂದೇ ನಾನು ತಿಳಿದಿದ್ದೆ. ಒಂದು ಸಲ ತೋರಿಸಿದ್ದರೆ ನಾನೇ ಬಿಚ್ಚಿ ತೊಳೆಯುತ್ತಿದ್ದೆ. ಇವರು ಸಿಂದಗಿಯಲ್ಲಿದ್ದಾರೋ ಇಂಡಿಯಲ್ಲಿದ್ದಾರೋ ಎಂದು ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿ ದಾರಿ ಕಾಯುವುದು ತಪ್ಪುತ್ತಿತ್ತು. ಕೇಳಿದರೆ, "ನೀ ಹಿಟ್ಟು ತೂಗು" ಎನ್ನುತ್ತಿದ್ದರು. ಆಗ ನನ್ನ ಕೈಯಲ್ಲಿನ ತೂಕದ ಕಲ್ಲನ್ನು ಅವರ ಕಾಲ ಮೇಲೆ ಬಿಡುವ ಆಸೆ ಎಷ್ಟೋ ಸಲ ಆಗಿದೆ.

ಇದರ ನಡುವೆ ಇಂಡಿಯಿಂದ ನಮ್ಮ ಸೋದರಮಾವ ಬರತೊಡಗಿದ. ಬಂದಾಗಲೆಲ್ಲ ನಿಂತ ಎಂಜಿನ್ನೇ ಅವನ ಕಣ್ಣಿಗೆ ಬೀಳಬೇಕೆ! "ಅಕ್ಕಾ, ಇದು ನಿಮಗ ಆಗಿ ಬಂದಿಲ್ಲ. ಮಾರಿ ಬಿಡು. ಹುಡುಗಿಗೆ ನಮ್ಮ ಕಡೆ ಒಂದು ವರಾ ನೋಡತೇನಿ. ಹೆಣ್ಣಮಕ್ಕಳು ಗಿರಣಿ ನಡಸೂದು ಎಲ್ಲ್ಯರ ಐತೇನು?" ಎಂದು ಅವ್ವನ ಕಿವಿ ಕಚ್ಚುತ್ತಿದ್ದ. ನನಗೆ ಆ ಗಿರಣಿ ಬೇಕಿತ್ತು. ಪಟ್ಟಾ ಏರಿಸಿ ಕಲ್ಲು ತಿರುಗತೊಡಗಿದಾಗ ಕಾಲ ಕೆಳಗಿನ ನೆಲ ಅದುರುತ್ತಿತ್ತಲ್ಲ, ಆ ಅದುರು ನನ್ನದು ಎನಿಸುತ್ತಿತ್ತು. ಅದು ಹೋದರೆ ನಾನು ಇನ್ನೊಬ್ಬರ ಅಡಿಗೆಮನೆಯಲ್ಲಿ ಕೂತು ಯಾವುದೋ ಗಿರಣಿಯ ಹಿಟ್ಟು ಕಲಸಬೇಕು. ಆದರೆ ಅವ್ವ ಮೆತ್ತಗಾಗುತ್ತ ಬಂದಳು. ಎಂಜಿನ್ನು ಅಮಾವಾಸ್ಯೆ ಕಳೆದ ಮೇಲೆಯೇ ಹೆಚ್ಚು ನಿಲ್ಲುವುದನ್ನು ಅವಳೂ ಗಮನಿಸಿದ್ದಳು. ತನ್ನ ಪೂಜೆಯಲ್ಲಿ ಏನೋ ಕಡಿಮೆಯಾಗುತ್ತಿದೆ ಎಂದು ಇನ್ನಷ್ಟು ಭಕ್ತಿಯಿಂದ ಮಾಡತೊಡಗಿದಳು. ಎಂಜಿನ್ನು ಇನ್ನಷ್ಟು ನಿಂತಿತು. ಕೊನೆಗೆ, "ತಗೊಳ್ಳಾವರನ್ನ ಕರಕೊಂಡ ಬಾ, ನೋಡೂಣು" ಎಂದು ತಮ್ಮನಿಗೆ ಹೇಳಿಯೇಬಿಟ್ಟಳು.

ಮಾವ ಸಿಂದಗಿಯ ಗಿರಣಿಯವರೊಬ್ಬರನ್ನು ಕರೆತಂದ ದಿನವೂ ಎಂಜಿನ್ನು ಅರ್ಧ ಬುಟ್ಟಿ ಜೋಳಕ್ಕೆ ನಿಂತುಬಿಟ್ಟಿತು. ನನಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮಿಸ್ತ್ರಿಗೆ ಮುಂಚೆಯೇ ಹೇಳಿಕಳಿಸಿದ್ದೆ. ಮಧ್ಯಾಹ್ನದ ಬಸ್ಸಿಗೆ ಇಳಿದರು. ನೋಡಿದರೆ ಬಲಗೈಗೆ ಪಟ್ಟಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದೆ. ಯಾರದೋ ಎಂಜಿನ್ನಿನ ಹ್ಯಾಂಡಲ್ ತಿರುಗಿ ಹೊಡೆದು ಮುಂಗೈ ಮುರಿದಿತ್ತು. ಅಂಥ ಕೈಯಲ್ಲೂ ಬಂದವರು ಮೊದಲು ಕೇಳಿದ್ದು ಚಹಾವನ್ನೇ.

ಕುಡಿದಾದ ಮೇಲೆ ಎಂದಿನಂತೆ, "ಎಲ್ಲಾರೂ ಅತ್ತ ಮುಖ ಮಾಡ್ರಿ" ಎಂದರು.

ಸಿಂದಗಿಯವರು ನಕ್ಕರು. "ಇದೇನ್ರಿ ಮಿಸ್ತ್ರಿ ಹೊಸಾದು? ನಮ್ಮ ಗಿರಣ್ಯಾಗ ಎಲ್ಲಾರ ಮುಂದ ಬಿಚ್ಚಿ, ನನ್ನ ಕೈಲೇ ತೊಳಸತೀರಿ. ಯಾವತ್ತೂ ಗ್ವಾಡಿ ಕಡೆ ನಿಲ್ಲಿಸಿಲ್ಲ."

ನಾನು ಮಿಸ್ತ್ರಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. "ಹೊರಗ ನಡೀರಿ ಎಲ್ಲಾರೂ" ಎಂದು ಗದರಿ, ಮಾವನನ್ನೂ ಸಿಂದಗಿಯವರನ್ನೂ ಆಳನ್ನೂ ಅಟ್ಟಿದರು. ನಾನೂ ಹೊರಟೆ. "ನೀ ನಿಂದ್ರು. ಬಾಗಲಾ ಹಾಕು" ಎಂದರು. ಹಾಕಿದೆ. ಎಡಗೈಯಿಂದ ಪಾನಾ ನನ್ನ ಮುಂದೆ ಹಿಡಿದರು. "ನನ್ನ ಕೈ ನಡಿಯೂದಿಲ್ಲ. ನೀ ಬಿಚ್ಚು. ಏನ ಕಂಡ್ರೂ ಒದರಬ್ಯಾಡ."

ಇಷ್ಟು ಹೇಳಿ, ಆ ಮನುಷ್ಯ ತಾವೇ ಗೋಡೆಯ ಕಡೆ ಮುಖ ಮಾಡಿ ನಿಂತರು.

ಬಟ್ಟಲು ಬಿಚ್ಚಿದೆ. ಒಳಗಿನ ಸೋಸುಬಟ್ಟೆ ಹಳದಿಗಟ್ಟಿ, ಅಂಟಿನುಂಡೆಯ ಪಾಕದಂತೆ ಎಳೆ ಎಳೆಯಾಗಿ ಕೈಗೆ ಬಂತು. ಒಂದು ಹನಿ ಡೀಸೆಲ್ಲೂ ಅದನ್ನು ದಾಟುವಂತಿರಲಿಲ್ಲ. ಮೂಸಿದೆ. ಗಾಣದ ಮನೆಯಲ್ಲಿ ಹುಟ್ಟಿದವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಕುಸುಬಿ ಎಣ್ಣೆ ಗಾಳಿಗೆ ಆರಿದರೆ ಗೋಂದಿನಂತೆ ಅಂಟುಗಟ್ಟುತ್ತದೆ. ಗಾಣದ ಸುತ್ತಲಿನ ಕಟ್ಟೆಯ ಮೇಲೆ ಸಣ್ಣಂದಿನಿಂದ ಕೆರೆದು ತೆಗೆದದ್ದು ಅದನ್ನೇ.

"ಕಾಕಾ, ಇದು ಕುಸುಬಿ ಎಣ್ಣಿ."

"ತೊಳಿ."

"ಡೀಸೆಲ್ ಟಾಕ್ಯಾಗ ಕುಸುಬಿ ಎಣ್ಣಿ ಹೆಂಗ ಬಂತು?"

"ಮುಲ್ಕಿ ಪಾಸಾದಾಕಿ ಅಲ್ಲೇನು ನೀ? ವಿಚಾರ ಮಾಡಕೋತ ತೊಳಿ."

ವಿಚಾರ ಮಾಡುವುದೇನು ಬಂತು. ಅಮಾವಾಸ್ಯೆ, ವಾಟಿ, ಅವ್ವ. ಗಾಣದ ಬಾಯಿಗೆ ಎರೆಯುತ್ತಿದ್ದುದನ್ನು ಅವಳು ಎಂಜಿನ್ನಿನ ಬಾಯಿಗೆ ಎರೆಯುತ್ತಿದ್ದಳು. ಅದರ ಬಾಯಿ ಎಂದರೆ ಅವಳ ಪಾಲಿಗೆ ಡೀಸೆಲ್ ಟಾಕಿ. ಎಂಜಿನ್ನು ನಿಂತಷ್ಟೂ ವಾಟಿ ತುಂಬಿಸಿ ತುಂಬಿಸಿ ಎರೆದಿದ್ದಳು.

ಮಿಸ್ತ್ರಿ ಗೋಡೆಯ ಕಡೆಯಿಂದಲೇ ಒಂದೊಂದಾಗಿ ಹೇಳಿದರು, ನಾನು ಮಾಡಿದೆ. ಟಾಕಿ ಬರಿದು ಮಾಡಿ ಸೀಮೆಎಣ್ಣೆಯಲ್ಲಿ ತೊಳೆದೆ. ಹೊಸ ಸೋಸುಬಟ್ಟೆ ಕೂಡಿಸಿ, ಹಳೆಯ ಧೋತರದಲ್ಲಿ ಸೋಸಿದ ಡೀಸೆಲ್ ತುಂಬಿ ಚಾವಿ ಬಿಟ್ಟೆ. ಪಂಪಿನ ಮೇಲಿನ ಸ್ಕ್ರೂ ಸಡಿಲಿಸಿದೆ, ನೊರೆ ಬಂತು. "ಗುಳ್ಳಿ ನಿಲ್ಲೂತನಾ ಬಿಡು. ಗಾಳಿ ಒಳಗ ಉಳದ್ರ ಯಜಮಾನ್ರು ಏಳೂದಿಲ್ಲ." ಗುಳ್ಳೆ ನಿಂತು ತಿಳಿ ಡೀಸೆಲ್ ಹರಿದಾಗ ಬಿಗಿದೆ. ಕೈಯಿಂದ ಚಕ್ರ ತಿರುಗಿಸಿದರೆ ನಾಝಲ್ಲು ಕಿರ್ ಎಂದಿತು. ಆ ಸದ್ದಿಗೆ ಅವರ ಬೆನ್ನು ಸ್ವಲ್ಪ ಸಡಿಲಾಯಿತು. "ಹಾಂ, ಕರಿ ಮಂದೀನ" ಎಂದರು.

ಎಂಜಿನ್ನು ಎದ್ದಿತು, ಕಲ್ಲಿಗೆ ಜೋಳ ಬಿತ್ತು, ಎಂಜಿನ್ನು ಸೋಲಲಿಲ್ಲ. ಸಿಂದಗಿಯವರು ಹೊರಗೆ ಹೋಗಿ ಹೊಗೆ ನೋಡಿ ಬಂದು, "ಚಲೋ ಮಷೀನ್ ಐತಲ್ರಿ, ಇದನ್ನ ಯಾಕ ಮಾರತೀರಿ?" ಎಂದರು. ಮಿಸ್ತ್ರಿ, "ಅದನ್ನ ನಾನೂ ಕೇಳಬೇಕಂತಿದ್ದೆ. ಕೂಡಿಸಿದಾಕಿ ಈ ಹುಡುಗಿ. ನಾ ಗ್ವಾಡಿ ನೋಡಕೋತ ನಿಂತಿದ್ದೆ" ಎಂದರು. ಬಾಗಿಲಿಗೆ ಬಂದು ನಿಂತಿದ್ದ ಅವ್ವ ನನ್ನನ್ನೇ ನೋಡಿದಳು. ಮಾವನ ಮುಖ ಸಣ್ಣದಾಯಿತು. "ಆತು, ಇನ್ನೊಂದ ಅಮಾಸಿ ನೋಡೂಣು. ಮತ್ತ ನಿಂತ್ರ ಮಾತ್ರ ನಾ ಕೇಳಾವಲ್ಲ" ಎಂದು ಹೊರಟುಹೋದ.

ನಾನು ಮಿಸ್ತ್ರಿಯ ಹಿಂದೆಯೇ ಬಸ್ಸು ನಿಲ್ಲುವ ಬೇವಿನ ಮರದವರೆಗೂ ಓಡಿದೆ. "ಗೊತ್ತಿತ್ತಲ್ರಿ ನಿಮಗ! ಮೊದಲಿಂದ ಗೊತ್ತಿತ್ತು! ಒಂದ ಮಾತ ಅವ್ವಗ ಹೇಳಿದ್ರ ಆಗತಿದ್ದಿಲ್ಲೇನು?"

ಅವರು ಎಡಗೈಯಿಂದ ಬೀಡಿ ಹಚ್ಚಲು ಒದ್ದಾಡಿ ಬಿಟ್ಟರು. "ಗಾಣಾ ಕಿತ್ತ ದಿವಸ ನಿಮ್ಮವ್ವ ಉಂಡಿದ್ದಿಲ್ಲ. ಮರುದಿವಸಾನೂ ಉಂಡಿದ್ದಿಲ್ಲ. ಕೀಳಸಿದಾಂವ ನಾನು. ನಿಮ್ಮಪ್ಪಗ ಎಂಜಿನ್ ಹುಚ್ಚ ಹಿಡಿಸಿದಾಂವ ನಾನು. ಆಕಿ ಈಗ ಅದಕ್ಕ ಎಣ್ಣಿ ಎರಿಯಾಕತ್ತಾಳಂದ್ರ, ಅದನ್ನ ತನ್ನದು ಅಂದಂಗಾತು. ನಾ ಹೆಂಗ ಬ್ಯಾಡ ಅನ್ಲಿ?"

"ಹಂಗಂತ ಎಷ್ಟ ಸಲ ತೊಳದೀರಿ?"

"ಆಕಿ ಎಷ್ಟ ಸಲ ಎರದಾಳೋ ಅಷ್ಟ ಸಲ."

ಈ ಮಾತಿಗೆ ಮನಸ್ಸು ಕರಗಬೇಕು ಎಂದು ಓದುವವರಿಗೆ ಅನಿಸಬಹುದು. ನನಗೆ ಮೈಯೆಲ್ಲ ಉರಿಯಿತು. ಗಿರಣಿ ಕೈಬಿಟ್ಟು ಹೋಗುವುದರಲ್ಲಿತ್ತು, ನಾನು ಇಂಡಿಗೆ ಸಾಗುವುದರಲ್ಲಿದ್ದೆ, ಈ ಮಹಾನುಭಾವರು ಮರ್ಯಾದೆ ಕಾಯುತ್ತ ಕೂತಿದ್ದಾರೆ! "ಗಿರಣಿ ಮಾರಿ ಹೋದ ಮ್ಯಾಲ ಆಕಿ ಎಲ್ಲಿ ಎರೀತಾಳ? ನಿಮ್ಮ ತಲೀ ಮ್ಯಾಲ?" ಎಂದು ಕೂಗಿದೆ. ಬಸ್ಸಿನ ಮಂದಿ ಇಣುಕಿ ನೋಡಿದರು. ಮಿಸ್ತ್ರಿ ಬಸ್ಸು ಹತ್ತಿದರು.

ಅಮಾವಾಸ್ಯೆಯ ಹಿಂದಿನ ದಿನ, ಕರೆಯದೆ ಬಂದರು. ನಾನು ಕಂಡಂತೆ ಅದೊಂದೇ ಸಲ. ಚೀಲದಿಂದ ತಿಕ್ಕಿ ಫಳಫಳ ಮಾಡಿದ ಹಿತ್ತಾಳೆಯ ಬಟ್ಟಲೊಂದನ್ನು ತೆಗೆದು, ಎಂಜಿನ್ನಿನ ಎದುರು ಮಗ್ಗುಲಿಗೆ ನನ್ನ ಕೈಯಿಂದಲೇ ಸ್ಕ್ರೂ ಹಾಕಿಸಿ ಕೂಡಿಸಿದರು. ಅದರ ತಳ ಗಟ್ಟಿ ಮುಚ್ಚಿತ್ತು. ಎಂಜಿನ್ನಿನ ಯಾವ ಭಾಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆಮೇಲೆ ಅವ್ವನನ್ನು ಕರೆದು, ಎದ್ದು ನಿಂತು, "ಅಕ್ಕಾರ, ಈ ಮಷೀನಿಗೆ ನೆಟ್ಟಗ ಬಾಯಿ ಇದ್ದಿಲ್ರಿ. ಈಗ ತಂದ ಹಚ್ಚೇನಿ. ಇನ್ನ ಮ್ಯಾಲ ಎಣ್ಣಿ ಇಲ್ಲೇ ಎರೀರಿ, ಸೀದಾ ಎದಿಗೆ ಮುಟ್ಟತೈತಿ" ಎಂದರು. ಅವ್ವ ಬಟ್ಟಲನ್ನು ಬೆರಳಿಂದ ಮುಟ್ಟಿ, "ಚಂದ ಐತಿ ಅಣ್ಣಾ" ಎಂದಳು.

ಇಷ್ಟೇ ಕೆಲಸ! ಇಷ್ಟೇ ಆಗಬೇಕಿದ್ದದ್ದು! ಇದನ್ನು ಮೊದಲ ವರ್ಷವೇ ಮಾಡಿದ್ದರೆ ಎಷ್ಟು ಬುಟ್ಟಿ ಜೋಳ ತಿರುಗಿ ಹೋಗುವುದು ತಪ್ಪುತ್ತಿತ್ತು, ಮಾವ ಎಷ್ಟು ಸಲ ಬರುವುದು ತಪ್ಪುತ್ತಿತ್ತು. ಅದಾದ ಮೇಲೆ ಎಂಜಿನ್ನು ಆ ಕಾರಣಕ್ಕೆ ನಿಲ್ಲಲಿಲ್ಲ. ಮಾವ ಬಂದು ಓಡುವ ಗಿರಣಿ ನೋಡಿ ಹೋದ, ಆಮೇಲೆ ಮಾತೆತ್ತಲಿಲ್ಲ. ನನಗೆ ಒಂದು ಹೊಸ ಕೆಲಸ ಹತ್ತಿತು: ಅಮಾವಾಸ್ಯೆಯ ಸಂಜೆ ಅವ್ವ ಅತ್ತ ಹೋದಾಗ ಬಟ್ಟಲಿನ ಎಣ್ಣೆಯನ್ನು ಕದ್ದು ಬಸಿದು, ದೀಪದ ಎಣ್ಣೆಗೆ ಸೇರಿಸುವುದು. ಅವಳಿಗೆ ತಿಳಿಯಬಾರದೆಂದು ಬಟ್ಟಲನ್ನು ಒರೆಸಿಯೂ ಇಡುತ್ತಿದ್ದೆ. ಮಿಸ್ತ್ರಿ ಆಮೇಲೂ ಬರುತ್ತಿದ್ದರು, ಬೈಯುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಮುಂಗೈ ಪೂರಾ ಸರಿಹೋಗಲೇ ಇಲ್ಲ. "ನೀ ಬಿಚ್ಚು" ಎಂದು ನನ್ನ ಕೈಗೆ ಪಾನಾ ಕೊಟ್ಟು, ನಾನು ಬಿಚ್ಚುವಾಗ ಪ್ರತಿ ಸ್ಕ್ರೂಗೂ ತಪ್ಪು ಹಿಡಿಯುತ್ತಿದ್ದರು.

ಕಂಡಕ್ಟರ್ ಸುದ್ದಿ ಹೇಳಿ ಹೋದ ದಿನ ನಾನು ಒಳಗೆ ಬಂದು ಅವ್ವನಿಗೆ ಹೇಳಿದೆ. ಅವಳು ಎದ್ದು, ಕುಸುಬಿ ಎಣ್ಣೆಯ ವಾಟಿ ತುಂಬಿಕೊಂಡು ಗಿರಣಿಗೆ ನಡೆದಳು. "ಇವತ್ತ ಅಮಾಸಿ ಅಲ್ಲಬೇ" ಎಂದೆ. "ಗೊತ್ತೈತಿ" ಎಂದಳು. ಹಿತ್ತಾಳೆ ಬಟ್ಟಲಿಗೆ ನಿಧಾನವಾಗಿ ಎರೆದಳು. ಅದು ಅಂಚಿನವರೆಗೆ ತುಂಬಿ ಹಾಗೇ ನಿಂತಿತು.

"ಇದಕ್ಕ ತಳಾ ಮುಚ್ಚೈತಿ ಅಂತ ಮೊದಲನೇ ಅಮಾಸಿಗೇ ಗೊತ್ತಾಗಿತ್ತು ನನಗ" ಎಂದಳು. "ಗಾಣದ ಮನ್ಯಾಕಿ ನಾನು. ಎಣ್ಣಿ ಇಳೀತೋ ನಿಂತಿತೋ ತಿಳಿಯೂದಿಲ್ಲೇನು? ಟಾಕ್ಯಾಗ ಹಾಕಿದ್ದ ತಪ್ಪಾಗಿತ್ತಂತ ಆವತ್ತ ತಿಳೀತು."

"ಮತ್ತ ಇಷ್ಟ ವರ್ಷ ಯಾಕ ಎರದಿ? ಯಾಕ ಹೇಳಲಿಲ್ಲ?"

"ಮುರದ ಕೈ ಕಟಗೊಂಡು ಅಷ್ಟ ದೂರದಿಂದ ತಂದ ಹಚ್ಚಿದ್ದ. ನಾ ಹೆಂಗ ಹೇಳಲಿ?"

ಹಾಗಾದರೆ ತಿಂಗಳು ತಿಂಗಳು ನಾನು ಕದ್ದು ಬಸಿದದ್ದು ಯಾರ ಸಲುವಾಗಿ? ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು, ಅವರದು ನೋಯಬಾರದೆಂದು ಇವರು. ಇಬ್ಬರ ನಡುವೆ ಬಟ್ಟಲು ಒರೆಸುತ್ತ ನಾನು! ಬಾಯಿಬಿಟ್ಟು ಬೈಯಬೇಕೆಂದು ತಿರುಗಿದೆ. ಬೈಯಬೇಕಾದವರಲ್ಲಿ ಒಬ್ಬರಾಗಲೇ ಮಣ್ಣಿನಲ್ಲಿದ್ದರು. ಇನ್ನೊಬ್ಬಳ ಗಲ್ಲ ನಡುಗುತ್ತಿತ್ತು.

"ಅತ್ತ ಮುಖ ಮಾಡು" ಎಂದಳು ಅವ್ವ.

ನಾನು ಹಿಟ್ಟು ಮೆತ್ತಿದ ಗೋಡೆಯ ಕಡೆ ತಿರುಗಿ ನಿಂತೆ.